ಮುಚ್ಚಿದ ಕೈಯೇ ತೆಗೆಯಬೇಕು

ಬೇಸಿಗೆ ಮುಗಿಯಲು ಬಂದೂ ಮುಗಿಯದೆ ಎಳೆದಾಡುತ್ತಿದ್ದ ದಿನಗಳು. ಊಟ ಮಾಡಿ ಬಂದವರಿಗೆ ಕಣ್ಣು ಎಳೆಯುವ ಹೊತ್ತು. ಹೊರಗೆ ರಸ್ತೆಯ ಡಾಂಬರು ಮೆತ್ತಗಾಗಿ ಚಪ್ಪಲಿಗೆ ಅಂಟುತ್ತಿದ್ದರೆ ಒಳಗೆ ಅವನು ಸ್ವೆಟರ್ ಹಾಕಿಕೊಂಡು, ಕೈಗಳನ್ನು ತೊಡೆಯ ನಡುವೆ ಸಿಕ್ಕಿಸಿಕೊಂಡು ಕೂತಿದ್ದ. ಗೋಡೆಯಾಚೆಯ ದೊಡ್ಡ ಹಾಲಿನಲ್ಲಿ ಆಳೆತ್ತರದ ಕಬ್ಬಿಣದ ಬೀರುಗಳು ಸಾಲಾಗಿ ನಿಂತಿದ್ದವು. ಬೀರುಗಳ ತುಂಬ ಯಂತ್ರಗಳು. ಯಾರದೋ ಬ್ಯಾಂಕು, ಯಾರದೋ ಅಂಗಡಿ, ಯಾರದೋ ಆಸ್ಪತ್ರೆ ಎಲ್ಲ ಅವುಗಳ ಹೊಟ್ಟೆಯಲ್ಲಿ. ತಂಪು ಅವುಗಳಿಗಾಗಿ, ಮನುಷ್ಯರಿಗಾಗಿ ಅಲ್ಲ. ಒಂದೇ ಶ್ರುತಿಯಲ್ಲಿ ಗುಂಯ್ ಎನ್ನುವ ಅವುಗಳ ಸದ್ದು ಅವನಿಗೆ ಕೇಳಿಸುವುದು ನಿಂತು ವರ್ಷಗಳಾಗಿದ್ದವು. ಮನೆಗೆ ಹೋದ ಮೇಲೆ, ಅದು ಇಲ್ಲದಾಗ, ಕಿವಿಯೊಳಗೆ ಏನೋ ಕಳೆದುಹೋದ ಹಾಗಾಗುತ್ತಿತ್ತು. ಆ ಕೋಣೆಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರಿರಲಿಲ್ಲ. ಅಗುಳಿ ಎನ್ನುತ್ತಿದ್ದರು, ಬೆನ್ನ ಹಿಂದೆ ಅಗುಳಿ, ಎದುರಿಗೆ ಅಗುಳಿ ಸಾರ್. ಬಾಗಿಲು ಹಾಕುವುದು ಅವನ ಕೆಲಸವಾದ್ದರಿಂದ. ಮೊದಮೊದಲು ಮನಸ್ಸಿಗೆ ಕಿರಿಕಿರಿಯಾಗಿ, ಆಮೇಲೆ ರೂಢಿಯಾಗಿ, ಈಚೀಚೆಗೆ ಅದರಲ್ಲೇ ಒಂದು ಬಗೆಯ ಹೆಮ್ಮೆಯೂ ಸೇರಿಕೊಂಡಿತ್ತು. ಮನೆಯಲ್ಲಿ ಹೆಂಡತಿಗೆ ಹೇಳಿದಾಗ ಅವಳು ನಕ್ಕಿದ್ದಳು. ಊರೋರ ಬಾಗಿಲಿಗೆಲ್ಲ ಅಗುಳಿ, ಮನೆ ಹಿತ್ತಲ ಬಾಗಿಲು ಮಾತ್ರ ದಿನಾ ನಾನೇ ಹಾಕ್ಬೇಕು ಅಂದಿದ್ದಳು.

ಅವತ್ತು, ಯಂತ್ರಗಳಿಗೆ ಬರುವ ಕರೆಗಳನ್ನು ಅಳೆದು ತೋರಿಸುವ ಪರದೆಯ ಮೇಲಿನ ಗೆರೆ ಮೊದಲು ಬೆರಳಷ್ಟು ಎದ್ದಿತು, ಆಮೇಲೆ ಮೊಳದಷ್ಟು, ಆಮೇಲೆ ಪರದೆಯ ಅಂಚನ್ನೇ ದಾಟಿಹೋಯಿತು. ಪ್ರವಾಹ ಎನ್ನುವುದು ಅವರ ಕೋಣೆಯ ಮಾತು. ಎಲ್ಲೆಲ್ಲಿಯದೋ ಮನೆಗಳ ಬಾಗಿಲಿಗೆ ಹಾಕಿದ ಕ್ಯಾಮೆರಾ, ಗೋಡೆಯ ಮೇಲಿನ ಟಿ.ವಿ., ಮೂಲೆಗೆ ಬಿದ್ದ ಕಂಪ್ಯೂಟರು, ಯಜಮಾನರಿಗೇ ತಿಳಿಯದ ಹಾಗೆ ಯಾರದೋ ಮಾತು ಕೇಳಿಕೊಂಡು, ಒಂದೇ ಹೊತ್ತಿಗೆ ಒಂದೇ ಗಿರಾಕಿಯ ಬಾಗಿಲಿಗೆ ಬಂದು 'ಇದ್ದೀರಾ, ಇದ್ದೀರಾ' ಎಂದು ಕೇಳುತ್ತವೆ. ಯಾವುದಕ್ಕೂ ಏನೂ ಬೇಕಾಗಿರುವುದಿಲ್ಲ. ಕೇಳುವುದೊಂದೇ. ಇದನ್ನು ಅವನಿಗೆ ತರಬೇತಿಯಲ್ಲಿ ಚಿತ್ರ ಬರೆದು ವಿವರಿಸಿದ್ದರು, ಅವನು ತಲೆಯಾಡಿಸಿದ್ದ, ಆದರೆ ಅರ್ಥವಾದದ್ದು ಆ ಚಿತ್ರದಿಂದಲ್ಲ. ಅಪ್ಪನ ಹೆಗಲ ಮೇಲೆ ಕೂತು ನೋಡಿದ ಸೀಮೆಎಣ್ಣೆ ಅಂಗಡಿ ಅದು. ಕಿಟಕಿಯಷ್ಟೇ ಅಗಲದ ಅಂಗಡಿ. ಅಂಗಡಿಯವನಿಗೆ ಆಗದ ಯಾರೋ ಕೂಲಿ ಕೊಟ್ಟು ಕಳಿಸಿದ ಜನ, ಕೈಯಲ್ಲಿ ಡಬ್ಬವೇ ಇಲ್ಲದ ಜನ, ಮುಂದೆ ನಿಂತು ಎಣ್ಣೆ ಬಂತಾ, ಯಾವಾಗ ಬಂತು, ಒಳ್ಳೇದಾ ಎಂದು ಕೇಳಿದ್ದನ್ನೇ ಕೇಳುತ್ತಿದ್ದರು. ಡಬ್ಬ ಹಿಡಿದವರು ಹಿಂದೆ, ಬಿಸಿಲಲ್ಲಿ. ಕೊನೆಗೆ ಅಂಗಡಿಯವನಿಗೆ ತಲೆ ಕೆಟ್ಟು ದಡ್ ಎಂದು ಷಟರ್ ಎಳೆದುಬಿಟ್ಟ. ಕೂಲಿಯವರು ನಗುತ್ತ ಹೋದರು. ಅವರಿಗೆ ಬೇಕಾದದ್ದೂ ಅಷ್ಟೇ. ಗುಂಪು ಚದುರಿದ ಮೇಲೆ ಅಪ್ಪ ಮುಂದೆ ಹೋಗಿ ಕಾದ ಷಟರಿನ ಮೇಲೆ ಅಂಗೈ ಇಟ್ಟ. ಬಡಿಯಲಿಲ್ಲ, ಕೂಗಲಿಲ್ಲ. ಸುಮ್ಮನೆ ಅಂಗೈ ಇಟ್ಟುಕೊಂಡು ನಿಂತ. ಆ ಸಂಜೆ ಅವರ ಮನೆಯಲ್ಲಿ ದೀಪ ಹಚ್ಚಲಿಲ್ಲ.

ಪ್ರವಾಹ ಹರಿದುಬಂದದ್ದು ಕೈಮಾತಿನ ಮೇಡಂ ಬಾಗಿಲಿಗೆ. ಮೂಲೆಯ ಬೀರುವಿನ ತಳದ ಖಾನೆಯಲ್ಲಿ ಒಂದೇ ಒಂದು ಯಂತ್ರ ಇಟ್ಟುಕೊಂಡಿದ್ದ ಸಣ್ಣ ಗಿರಾಕಿ. ಕಿವಿ ಕೇಳದವರು ಡಾಕ್ಟರ ಹತ್ತಿರವೋ ಕಚೇರಿಗೋ ಹೋದಾಗ ಫೋನು ತೆರೆದರೆ, ಅದರಲ್ಲಿ ಮೇಡಂ ಕಡೆಯ ಹುಡುಗಿಯೊಬ್ಬಳ ಮುಖ ಮೂಡುತ್ತದೆ. ಇವರ ಕೈ ನೋಡಿ ಅವಳು ಡಾಕ್ಟರಿಗೆ ಬಾಯಲ್ಲಿ ಹೇಳುತ್ತಾಳೆ, ಡಾಕ್ಟರ ಮಾತು ಕೇಳಿ ಇವರಿಗೆ ಕೈಯಲ್ಲಿ ಹೇಳುತ್ತಾಳೆ. ಇಷ್ಟೇ ವ್ಯಾಪಾರ. ಇವರ ಮೇಲೆ ಯಾರಿಗೆ ಹಗೆ ಎಂದು ಪಕ್ಕದವರೊಬ್ಬರು ಕೇಳಿದರು. ಹಗೆಯೇ ಇರಬೇಕೆಂದಿಲ್ಲ, ಹೊಸದಾಗಿ ಕವಣೆ ಸಿಕ್ಕವನು ಮೊದಲು ಬೇಲಿ ಮೇಲಿನ ಗುಬ್ಬಿಗೇ ಗುರಿ ಇಡೋದು ಎಂದ ಅಗುಳಿ. ಒಂದೇ ಕೊಳವೆಯಲ್ಲಿ ಎಲ್ಲರ ನೀರೂ ಬರುವುದರಿಂದ, ಅವಳೊಬ್ಬಳಿಗೆ ಬಂದ ಪ್ರವಾಹ ಮಿಕ್ಕವರ ಬಾಯನ್ನೂ ಕಟ್ಟತೊಡಗಿತ್ತು. ಮೇಲಿನ ಖಾನೆಯ ದೊಡ್ಡ ಬ್ಯಾಂಕು ಆಗಲೇ ಏದುಸಿರು ಬಿಡುತ್ತಿತ್ತು. ಮೂರು ಫೋನುಗಳು ಒಟ್ಟಿಗೆ ಹೊಡೆದುಕೊಳ್ಳುತ್ತಿದ್ದವು. ನಿಜವಾದವರನ್ನೂ ಸುಳ್ಳರನ್ನೂ ಬೇರ್ಪಡಿಸುವ ಜರಡಿಯೊಂದಿತ್ತು. ಅದು ದೊಡ್ಡ ಗಿರಾಕಿಗಳಿಗೆ. ಸಣ್ಣವರಿಗೆ ಬಾಗಿಲು.

ಅವನು ಬಾಗಿಲು ಹಾಕಿದ. ಒಂದು ಸಾಲು ಬರೆದು ಒಂದು ಗುಂಡಿ ಒತ್ತುವುದು, ಅಷ್ಟೇ. ಅವಳ ವಿಳಾಸಕ್ಕೆಂದು ಬಂದದ್ದೆಲ್ಲ, ಸುಳ್ಳೂ ನಿಜವೂ, ಊರ ಹೊರಗೇ ಪಾತಾಳಕ್ಕೆ ಬಿದ್ದುಹೋಗುತ್ತದೆ. ಗೆರೆ ಕುಸಿಯಿತು. ಬ್ಯಾಂಕು ಉಸಿರಾಡಿತು. ಫೋನುಗಳು ಒಂದೊಂದಾಗಿ ಸುಮ್ಮನಾದವು. ಕೂಲಿಯವರು ಎಲ್ಲೋ ಕೂತು ನಕ್ಕಿರಬೇಕು ಎಂದು ಅವನಿಗೆ ಪ್ರತಿ ಸಲ ಅನ್ನಿಸುವಂತೆ ಆ ಸಲವೂ ಅನ್ನಿಸಿತು. ಹಾಕಿದ ಬಾಗಿಲ ಮೇಲೆ ಅವನ ಗುರುತು ಬಿತ್ತು. ಮುಚ್ಚಿದ ಕೈಯೇ ತೆಗೆಯಬೇಕು ಎಂಬುದು ಆ ಕೋಣೆಯ ಕಟ್ಟಳೆ. ಬರೆದಿಟ್ಟದ್ದಲ್ಲ, ಅವನೇ ಹಾಕಿಕೊಟ್ಟದ್ದು. ಹಿಂದೊಮ್ಮೆ ಅವನು ಮುಚ್ಚಿದ್ದನ್ನು, ಗೆರೆ ತಗ್ಗಿದೆಯಲ್ಲ ಎಂದು ಇನ್ನೊಬ್ಬ ಅವಸರದಲ್ಲಿ ತೆರೆದು, ಹಿಂದೆಯೇ ನಿಂತಿದ್ದ ಪ್ರವಾಹ ನುಗ್ಗಿ, ಇಡೀ ಕಟ್ಟಡವೇ ಒಂದು ಹಗಲು ಮುಳುಗಿಹೋಗಿತ್ತು. ಅಂದಿನಿಂದ ಒಬ್ಬರ ಬಾಗಿಲನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ. ಮುಚ್ಚಿದವನಿಗೆ ಯಾಕೆ ಮುಚ್ಚಿದೆ ಅನ್ನೋದು ಗೊತ್ತಿರ್ತದೆ, ತೆಗೆಯೋನಿಗೆ ಗೊತ್ತಿರಲ್ಲ ಎಂದು ಹೊಸಬರಿಗೆ ಅವನು ಹೇಳಿಕೊಡುತ್ತಿದ್ದ. ಹೇಳುವಾಗ ದನಿ ತಾನಾಗಿ ಸ್ವಲ್ಪ ತಗ್ಗುತ್ತಿತ್ತು, ದೊಡ್ಡವರ ದನಿ ತಗ್ಗುವ ಹಾಗೆ.

ಬಿಸಿಲು ಇಳಿಯುವ ಹೊತ್ತಿಗೆ ಊರ ಹೊರಗೆ ಬಂದು ಬೀಳುತ್ತಿದ್ದುದನ್ನು ತೋರಿಸುವ ಇನ್ನೊಂದು ಗೆರೆಯೂ ಇಳಿಯಿತು. ಅವನು ಅದನ್ನು ಕಂಡ. ಆಮೇಲಿನ ದಿನಗಳಲ್ಲಿ ಅವನು ಎಷ್ಟು ಸಲ ತನ್ನನ್ನು ತಾನೇ ಕಟಕಟೆಗೆ ಹತ್ತಿಸಿ ಕೇಳಿಕೊಂಡರೂ ಉತ್ತರ ಅದೇ: ಕಂಡ. ಇನ್ನು ಬೆರಳಗಲ ತೆರೆದು ನೋಡಬೇಕು, ನೀರು ನುಗ್ಗದಿದ್ದರೆ ಪೂರ್ತಿ ತೆರೆಯಬೇಕು ಎಂದುಕೊಂಡು ಕೈ ಮುಂದೆ ಚಾಚಿಯೂ ಇದ್ದ. ಅಷ್ಟರಲ್ಲಿ ಹಿಂದಿನಿಂದ ಮ್ಯಾನೇಜರನ ಸೆಂಟಿನ ವಾಸನೆ ಬಂತು. ಬ್ಯಾಂಕಿನವರು ಬೇರೆ ಯಾವುದೋ ಕೆಲಸಕ್ಕೆ ಬಂದವರು, ದಾಳಿಯ ಸುದ್ದಿ ಕೇಳಿ, ತಮ್ಮನ್ನು ಕಾಪಾಡಿದವರನ್ನು ನೋಡಬೇಕೆಂದರಂತೆ. ಮಗನ ವಯಸ್ಸಿನ ಮ್ಯಾನೇಜರು ಅವನ ಹೆಗಲ ಮೇಲೆ ಕೈಯಿಟ್ಟು, ಇವರೇ ನಮ್ಮ ಅಗುಳಿ ಎಂದು ಪರಿಚಯಿಸಿದ. ಎಲ್ಲರೂ ನಕ್ಕರು, ಅವನೂ ನಕ್ಕ. ಅವರು ಏನೇನೋ ಕೇಳಿದರು, ಅರ್ಧಕ್ಕರ್ಧ ಹೊಸ ಪದಗಳು, ಅವನು ತಲೆಯಾಡಿಸಿದ. ಪರದೆಯ ಮುಂದೆ ನಿಲ್ಲಿಸಿ ಫೋಟೋ ತೆಗೆದರು. ಸ್ವೆಟರ್ ತೆಗೀರಿ ಸಾರ್ ಎಂದು ಯಾರೋ ಅಂದರು. ತೆಗೆದರೆ ಒಳಗಿನ ಅಂಗಿಯ ಕಂಕುಳ ಬಳಿ ಹೊಲಿಗೆ ಬಿಟ್ಟಿತ್ತು. ಫೋಟೋದಲ್ಲಿ ಅವನು ತೋಳುಗಳನ್ನು ಪಕ್ಕೆಗೆ ಅಂಟಿಸಿಕೊಂಡು, ಶಾಲೆಯಲ್ಲಿ ನಿಂತ ಹಾಗೆ ನಿಂತಿದ್ದಾನೆ. ಅವನ ಹಿಂದೆ ಪರದೆ ತುಂಬ ಹಸಿರು. ಮುಚ್ಚಿದ ಬಾಗಿಲೂ ಅಲ್ಲಿ ಹಸಿರಾಗಿಯೇ ಕಾಣುತ್ತದೆ; ಯಾರೂ ಬಡಿಯದ ಬಾಗಿಲಿಗೆ ಯಾವ ತೊಂದರೆ? ಮೂಲೆಯಲ್ಲೊಂದು ಸಣ್ಣ ಬೀಗದ ಗುರುತು ಮಾತ್ರ. ಫೋಟೋದಲ್ಲಿ ಅದರ ಮೇಲೆ ಅವನ ಕಿವಿ ಬಂದಿದೆ.

ಪಾಳಿ ಮುಗಿದಿತ್ತು. ರಾತ್ರಿ ಪಾಳಿಯ ಕನ್ನಡಕದವನು ಬಂದು ಬ್ಯಾಗು ಇಟ್ಟ, ಇವನು ಎದ್ದ. ದಾರಿಯಲ್ಲಿ ಬಸ್ಸಿನ ಕಿಟಕಿಗೆ ತಲೆ ಆನಿಸಿ ಕೂತಾಗ ಏನೋ ಮರೆತ ಹಾಗೆ ಅನ್ನಿಸಿ ಜೇಬು ಮುಟ್ಟಿ ನೋಡಿಕೊಂಡ. ಕೀಲಿ ಇತ್ತು, ಪರ್ಸು ಇತ್ತು, ತೊಡೆಯ ಮೇಲೆ ಊಟದ ಡಬ್ಬಿ ಇತ್ತು. ಮನೆಗೆ ಬಂದು ಕೈಕಾಲು ತೊಳೆದ ಮೇಲೆ ನಲ್ಲಿ ನಿಲ್ಲಿಸಿದೆನೇ ಎಂದು ಎದ್ದುಹೋಗಿ ನೋಡಿಬಂದ. ಗ್ಯಾಸು ನೋಡಿದ. ಯಾಕ್ರೀ, ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡ್ತಿದ್ದೀರಿ ಎಂದಳು ಹೆಂಡತಿ. ಮಗಳು ಫೋನಿನಲ್ಲಿ ಆ ಫೋಟೋ ನೋಡಿ, ಅಪ್ಪ ಫೇಮಸ್ ಆಗ್ಬಿಟ್ರು ಎಂದು ತಾಯಿಗೆ ತೋರಿಸಿದಳು. ಹೆಂಡತಿ ಕನ್ನಡಕ ಹಾಕಿಕೊಂಡು ನೋಡಿ, ಮೊದಲು ಅಂದದ್ದು ಆ ಹೊಲಿಗೆ ಬಿಟ್ಟ ಅಂಗೀನೇ ಹಾಕ್ಕೊಂಡು ಹೋಗ್ಬೇಕಿತ್ತಾ ಅಂತ. ಆಮೇಲೆ ಅದನ್ನು ಅವನ ಮೈಮೇಲಿನಿಂದಲೇ ಬಿಚ್ಚಿಸಿ, ಸೂಜಿ ದಾರ ಹುಡುಕಿ, ಹೊಲಿದು ಗೂಟಕ್ಕೆ ಹಾಕಿದಳು. ಅವತ್ತು ಅವನಿಗೆ ಒಳ್ಳೆಯ ನಿದ್ದೆ ಬಂತು. ಅದೇ ಆಮೇಲೆ ಅವನನ್ನು ಹೆಚ್ಚು ಕೊರೆದದ್ದು. ಹಾಸಿಗೆಯಲ್ಲಿ ಹೊರಳಾಡಿದ್ದೆ, ಮನಸ್ಸಿಗೆ ತಿಳಿದಿತ್ತು ಎಂದು ಹೇಳಿಕೊಳ್ಳಲೂ ಆಗದಂತೆ, ಎಷ್ಟೋ ವಾರಗಳ ಮೇಲೆ ಮಗುವಿನ ಹಾಗೆ ಮಲಗಿಬಿಟ್ಟಿದ್ದ.

ಬೆಳಿಗ್ಗೆ ಕುರ್ಚಿಯ ಹತ್ತಿರ ಬರುವ ಮೊದಲೇ ಬೀಗದ ಗುರುತು ಕಂಡಿತು. ನಿಂತಲ್ಲೇ ಬಗ್ಗಿ, ಕೂರದೆಯೇ, ಬೆರಳಗಲ ತೆರೆದು ನೋಡುವ ಕ್ರಮವನ್ನೂ ಮರೆತು, ಬಾಗಿಲು ಪೂರ್ತಿ ತೆರೆದ. ಏನೂ ನುಗ್ಗಲಿಲ್ಲ. ನುಗ್ಗುವವರು ನಿನ್ನೆ ಸಂಜೆಯೇ ಹೊರಟುಹೋಗಿದ್ದರು. ಒಂದು, ಆಮೇಲೊಂದು, ಆಮೇಲೆ ನಾಲ್ಕೈದು. ಕೈಮಾತಿನವರ ಸಣ್ಣ ಸಣ್ಣ ಕರೆಗಳು ಹೆದರಿದ ಇರುವೆಗಳಂತೆ ಒಳಬಂದವು. ಕನ್ನಡಕದವನು ಆಕಳಿಸುತ್ತ ಬ್ಯಾಗಿನ ಜಿಪ್ಪು ಎಳೆಯುತ್ತಿದ್ದ. ಅವನನ್ನು ಕೇಳಿದ್ದಕ್ಕೆ, ಅವನು ಯಾವ ಕಪಟವೂ ಇಲ್ಲದೆ ಹೇಳಿದ:

"ನೀವು ಮುಚ್ಚಿದ್ದಲ್ವಾ ಸಾರ್. ಏನೋ ಕಾರಣ ಇರ್ಬೇಕು ಅಂದ್ಕೊಂಡೆ. ಆ ಮೇಡಂ ಫೋನ್ ಮಾಡಿದ್ರು, ಎರಡು ಮೂರು ಸಲ. ದಾಳಿ ಆಗಿದೆ, ನಮ್ಮ ಹಿರಿಯರೇ ನೋಡ್ತಿದ್ದಾರೆ ಅಂದೆ. ಹಾಗಾದ್ರೆ ಸರಿ ಅಂದ್ರು."

ಹಾಗಾದರೆ ಸರಿ. ಬ್ಯಾಂಕಿನ ಬಾಗಿಲು ಕಣ್ಣು ಮಿಟುಕಿಸುವಷ್ಟು ಹೊತ್ತು ಮುಚ್ಚಿದರೂ ಸಾವಿರ ಜನ ಫೋನು ಹಚ್ಚಿ ಬೈಯುತ್ತಾರೆ. ಇವರ ಗಿರಾಕಿಗಳಲ್ಲಿ ಯಾರು ಫೋನು ಹಚ್ಚಿಯಾರು? ಷಟರಿನ ಮೇಲೆ ಅಂಗೈ ಇಟ್ಟು ನಿಂತಿರುತ್ತಾರೆ, ಸದ್ದಿಲ್ಲದೆ. ಆಚೆ ಕಡೆ ಮೇಡಂ ಕೆಲಸದ ಹುಡುಗಿಯರು ಇವತ್ತು ಕರೆ ಕಡಿಮೆ ಎಂದು ಮೊದಲು ಖುಷಿಪಟ್ಟಿದ್ದರಂತೆ. ಇದೆಲ್ಲ ತಿಳಿದದ್ದು ಆಮೇಲೆ.

ಆಮೇಲೆ ಎಂದರೆ ನಾಲ್ಕಾರು ದಿನ ಕಳೆದು, ಮೇಡಂ ಬಡಗಿಯೊಬ್ಬನನ್ನು ಕರೆದುಕೊಂಡು ಬಂದಾಗ. ಅದಕ್ಕೆ ಮೊದಲು ಮ್ಯಾನೇಜರು ಅಗುಳಿಯನ್ನು ಒಬ್ಬನೇ ಕೂರಿಸಿಕೊಂಡು, ಬಾಗಿಲು ಹಾಕಿ, ಮೆತ್ತಗೆ ಮಾತಾಡಿದ್ದ. ನಿಮ್ಮ ರಿಟೈರ್‌ಮೆಂಟ್ ಹತ್ರ ಬಂದಿದೆ, ಈ ಹೊತ್ತಲ್ಲಿ ಹೆಸರು ಕೆಡಿಸ್ಕೋಬೇಡಿ, ನೀವೇನೂ ಮಾತಾಡೋದು ಬೇಡ, ನಾನು ನೋಡ್ಕೋತೀನಿ ಎಂದಿದ್ದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ, ಅದರಲ್ಲಿ ಸಂಶಯವಿರಲಿಲ್ಲ. ಮ್ಯಾನೇಜರನ ಮೇಜಿನ ಮೇಲೆ ಗಾಜಿನ ಲೋಟದಲ್ಲಿ ನೀರಿತ್ತು, ಅದರ ಮೇಲೆ ಒಂದು ಮುಚ್ಚಳ. ಅಗುಳಿ ಆ ಮುಚ್ಚಳವನ್ನೇ ನೋಡುತ್ತ ತಲೆಯಾಡಿಸಿದ್ದ.

ಬಡಗಿ ನಡುವಯಸ್ಸಿನವನು, ಅಗಲ ಹೆಗಲು, ಹೆಬ್ಬೆರಳಿನ ಉಗುರು ಕಪ್ಪಾಗಿತ್ತು. ಮ್ಯಾನೇಜರನ ಕೋಣೆಯೊಳಗೆ ಬಂದವನೇ ಕೂರುವ ಮೊದಲು ಕುರ್ಚಿಯನ್ನು ಒಮ್ಮೆ ಅಲ್ಲಾಡಿಸಿ ನೋಡಿದ. ಅಲ್ಲಿದ್ದವರ ಮುಖಗಳನ್ನು ಒಂದೊಂದಾಗಿ, ಬಾಯಿಯಿಂದ ಹಿಡಿದು ಹಣೆಯವರೆಗೆ ಓದಿದ. ಮೇಡಂ ಅವನ ಎದುರಿಗೆ ತಿರುಗಿ ಕೂತಳು. ಐವತ್ತರ ಆಸುಪಾಸಿನ, ಬಳೆ ಉಂಗುರ ಏನೂ ಇಲ್ಲದ ಬರಿಗೈ ಹೆಂಗಸು. ಅವಳ ಅಪ್ಪ ಅಮ್ಮ ಇಬ್ಬರಿಗೂ ಕಿವಿ ಕೇಳುತ್ತಿರಲಿಲ್ಲವಂತೆ. ತೊಟ್ಟಿಲಲ್ಲಿ ಅತ್ತರೆ ಯಾರೂ ಬರ್ತಿರಲಿಲ್ಲ, ಅದಕ್ಕೇ ಕೈ ಆಡಿಸೋದು ಬೇಗ ಕಲಿತೆ ಎಂದು ಹಿಂದೆ ಯಾವಾಗಲೋ ಯಂತ್ರ ಇಡಲು ಬಂದಾಗ ನಗೆಯಾಡಿದ್ದಳು. ಅವತ್ತು ನಗೆಯಿರಲಿಲ್ಲ. ನಡೆದದ್ದನ್ನು ಅವಳು ಸಣ್ಣ ದನಿಯಲ್ಲಿ ಹೇಳಿದಳು. ಬಡಗಿಯ ತಾಯಿ ಆಸ್ಪತ್ರೆಯಲ್ಲಿದ್ದಳು, ಉಸಿರಿನ ತೊಂದರೆ. ಆ ಸಂಜೆ ಡಾಕ್ಟರು ಬಂದು ಮಗನಿಗೆ ಏನೋ ಉದ್ದಕ್ಕೆ ಹೇಳಿದರು. ಬಾಯಿಗೆ ಬಟ್ಟೆ ಕಟ್ಟಿದ್ದರಿಂದ ತುಟಿಯೂ ಕಾಣಲಿಲ್ಲ. ಅವನು ಫೋನು ತೆರೆದ. ಬಿಳಿ ಚಕ್ರವೊಂದು ಸುತ್ತುತ್ತಲೇ ಇತ್ತು. ಡಾಕ್ಟರು ಕಾಗದದ ಮೇಲೆ ಗೀಚಿ ತೋರಿಸಿದರು. ಅವನಿಗೆ ಅಕ್ಷರ ಅಷ್ಟಕ್ಕಷ್ಟೆ. ಡಾಕ್ಟರಿಗೂ ನೋಡಬೇಕಾದವರು ಬಹಳ. ಎಲ್ಲರೂ ಮಾಡುವ ಹಾಗೆ ಅದನ್ನೇ ಇನ್ನೂ ಗಟ್ಟಿಯಾಗಿ ಕೇಳಿದರು. ಅವನು ತಲೆಯಾಡಿಸಿದ. ಬೆಳಗಾಗುವಷ್ಟರಲ್ಲಿ ತಾಯಿ ಹೋಗಿಬಿಟ್ಟಳು. ಉಸಿರಿನ ಯಂತ್ರಕ್ಕೆ ಹಾಕೋಣವೋ, ಹಿಂಸೆ ಕೊಡದೆ ಹಾಗೇ ಬಿಡೋಣವೋ ಎಂದು ಕೇಳಿದ್ದರಂತೆ. ಹಾಗೇ ಬಿಡೋಣ ಎಂಬುದನ್ನು ಕೊನೆಯಲ್ಲಿ ಕೇಳಿದ್ದರಿಂದ, ತಲೆಯಾಡಿಸಿದ್ದು ಅದಕ್ಕೇ ಎಂದುಕೊಂಡರಂತೆ.

ಅಗುಳಿಗೆ ತನ್ನಪ್ಪನ ಆಸ್ಪತ್ರೆಯ ವರಾಂಡ ಕಣ್ಣಿಗೆ ಕಟ್ಟಿತು. ಫಿನೈಲಿನ ವಾಸನೆ, ಗೋಡೆಗೆ ಅರ್ಧದವರೆಗೆ ಹಸಿರು ಬಣ್ಣ. ಬಿಳಿ ಕೋಟಿನವರೊಬ್ಬರು ಅವನಿಗೆ ತಿಳಿಯದ ಮಾತುಗಳಲ್ಲಿ ಏನೋ ಹೇಳುತ್ತ ಹೋದರು, ಅವನು ತಲೆಯಾಡಿಸುತ್ತ ಹೋದ. ಅರ್ಥವಾಯ್ತಾ ಎಂದರು, ಅದಕ್ಕೂ ತಲೆಯಾಡಿಸಿದ. ಅವನ ಕಿವಿಗೇನಾಗಿತ್ತು? ಎರಡೂ ನೆಟ್ಟಗಿದ್ದವು. ದೊಡ್ಡವರ ಮುಂದೆ ಇನ್ನೊಂದು ಸಲ ಹೇಳಿ ಎನ್ನಲು ನಾಚಿಕೆ, ಅಷ್ಟೇ. ಅಪ್ಪನಿಗೆ ಆಗಿದ್ದೇನು ಎಂಬುದು ಅವನಿಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ.

ಬಡಗಿಯ ಕೈಗಳು ಎದ್ದವು. ಮರ ಉಜ್ಜುವವನ ಕೈಗಳಂತೆ ಅವು ಮೊದಲು ನಿಧಾನಕ್ಕೆ, ಅಳತೆ ನೋಡಿಕೊಂಡು ಆಡಿದವು. ಮೇಡಂ ಅವನನ್ನೇ ನೋಡುತ್ತ, ಅವನ ಪರವಾಗಿ, ನಾನು ನಾನು ಎಂದೇ ಹೇಳುತ್ತ ಹೋದಳು. ಒಂದು ಹೆಂಗಸಿನ ದನಿಯಲ್ಲಿ ಆ ಗಂಡಸಿನ ಮಾತು ಬರುತ್ತಿತ್ತು.

"ನಾನು ಜಗಳಕ್ಕೆ ಬಂದಿಲ್ಲ. ನನ್ನ ಕೈಯಿಂದ್ಲೇ ಫೋನ್ ಕೆಟ್ಟಿತೇನೋ, ಏನೋ ತಪ್ಪು ಒತ್ತಿದೆನೇನೋ ಅಂದ್ಕೊಂಡಿದ್ದೆ. ಅಲ್ಲ ಅಂತ ಇವ್ರು ಹೇಳಿದ್ರು. ಹೊರಗಿನವ್ರು ಯಾರೋ ಮಾಡಿದ್ದು ಅಂದ್ರೆ ಸರಿ. ಒಳಗಿನವ್ರು ಯಾರಾದ್ರೂ ಮರೆತದ್ದು ಅಂದ್ರೂ ಸರಿ. ಮರೆತವ್ರ ಮೇಲೆ ನನಗೆ ಕೋಪ ಇಲ್ಲ, ನಾನೂ ಎಷ್ಟೋ ಸಲ ಮೊಳೆ ಹೊಡೆಯೋಕೆ ಮರ್ತಿದೀನಿ. ಆದ್ರೆ ಏನಾಯ್ತು ಅಂತ ನನಗೆ ಗೊತ್ತಾಗ್ಬೇಕು. ಎಲ್ಲ ಕಡೆ ಎಲ್ರೂ ನನ್ನ ಮುಂದೇನೇ ಮಾತಾಡ್ತಾರೆ, ನನಗೆ ಮಾತ್ರ ಗೊತ್ತಾಗಲ್ಲ."

ಮೇಡಂ ತನ್ನ ಮಾತು ಸೇರಿಸಿದಳು. ದಾಳಿ ಯಾವಾಗ ನಿಂತಿತು, ನೀವು ಯಾವಾಗ ತೆಗೆದ್ರಿ, ಇಷ್ಟು ಹೇಳಿದ್ರೆ ಸಾಕು ಎಂದಳು.

ಮ್ಯಾನೇಜರು ಗಂಟಲು ಸರಿಮಾಡಿಕೊಂಡ. ದಾಳಿಯ ಬಗ್ಗೆ, ಈಗಿನ ಕಾಲದ ಕೇಡಿಗರ ಬಗ್ಗೆ, ಎಲ್ಲ ಗಿರಾಕಿಗಳನ್ನೂ ತಾವು ಮನೆಯವರಂತೆ ನೋಡುವ ಬಗ್ಗೆ ಮಾತಾಡಿದ. ಮೇಡಂ ಬೆರಳುಗಳು ಅದನ್ನೆಲ್ಲ ಬಡಗಿಗೆ ತಲುಪಿಸುತ್ತಿದ್ದವು. ಅಷ್ಟುದ್ದ ಮಾತಿಗೆ ಅವಳ ಕೈ ಅಷ್ಟು ಕಡಿಮೆ ಆಡಿದ್ದನ್ನು ಅಗುಳಿ ಗಮನಿಸಿದ. ಕೊನೆಗೆ ಮ್ಯಾನೇಜರು, ಬೆಳಗಿನವರೆಗೂ ದಾಳಿ ನಡೀತಾನೇ ಇತ್ತು, ತೆಗೆಯೋ ಹಾಗೇ ಇರಲಿಲ್ಲ ಎಂದು, ಇವನ ಕಡೆ ತಿರುಗಿ,

"ಅಲ್ವಾ ಸಾರ್?" ಎಂದ.

ಕುಂಬಳಕಾಯಿ ಕಳ್ಳನ ಹಾಗೆ ಅವನ ಕೈ ತಾನಾಗಿ ಹೆಗಲಿಗೆ ಹೋಗಿ, ಅಲ್ಲಿಂದ ಕಂಕುಳಿಗೆ ಜಾರಿತು. ಹೆಂಡತಿ ಹೊಲಿದ ಜಾಗ, ಒಳಗಿನ ಗಂಟು ಬೆರಳಿಗೆ ಸಿಕ್ಕಿತು. ಇಲ್ಲ ಎನ್ನುವುದು ಎರಡೇ ಅಕ್ಷರ. ಬಾಯಿ ಒಣಗಿತ್ತು ಎನ್ನುವುದು ನೆಪ. ಲೋಟದಲ್ಲಿ ನೀರಿತ್ತು, ಮುಚ್ಚಳ ತೆಗೆದರಾಗುತ್ತಿತ್ತು. ಬಡಗಿ ಮೇಡಂ ಕೈಗಳನ್ನು ಬಿಟ್ಟು ನೇರ ಅವನ ಮುಖ ನೋಡುತ್ತಿದ್ದ. ಅವನು ತಲೆಗಳನ್ನು ಓದಿ ಬದುಕಿದವನು. ಅಗುಳಿ ತಲೆಯಾಡಿಸಿದ.

ಅದಕ್ಕೆ ಕೈಮಾತು ಬೇಕಾಗಲಿಲ್ಲ. ಬಡಗಿ ಅದನ್ನು ನೋಡಿದ, ಇನ್ನೂ ಸ್ವಲ್ಪ ಹೊತ್ತು ನೋಡಿದ, ಆಮೇಲೆ ತಾನೂ ಹಾಗೇ ತಲೆಯಾಡಿಸಿದ. ಮೇಡಂ ಎದ್ದು, ನನ್ನ ಯಂತ್ರ ನಾನು ತಗೊಂಡ್ಹೋಗ್ತೀನಿ, ಕಾಗದಪತ್ರ ಮುಗಿಸಿಕೊಡಿ ಎಂದಳು. ಸಿಟ್ಟಿನಿಂದಲ್ಲ, ಬಸ್ಸು ಬದಲಿಸುವವರು ಹೇಳುವ ಹಾಗೆ.

ಕಾಗದಪತ್ರ ಮುಗಿಯುವವರೆಗಿನ ದಿನಗಳು ಹೇಗೋ ಕಳೆದವು. ಕೋಣೆಯ ಗೋಡೆಗೆ ಹೊಸ ಚೀಟಿಯೊಂದು ಬಂತು: ಯಾರು ಮುಚ್ಚಿದ ಬಾಗಿಲನ್ನಾದರೂ ಪಾಳಿಯಲ್ಲಿದ್ದವರು ತೆರೆಯತಕ್ಕದ್ದು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂಬ ಗಾದೆ ನೆನಪಾಗಿ, ಇಲ್ಲಿ ತಿರುಗಾಮುರುಗಾ ಆಗಿದೆಯಲ್ಲ ಎಂದು ಅವನಿಗೆ ನಗು ಬಂದು, ಬಂದಷ್ಟೇ ಬೇಗ ಹೋಯಿತು. ಚೀಟಿ ಅಂಟಿಸಿದವನು ಕನ್ನಡಕದವನೇ. ಅಂಟಿಸುವಾಗ ಇವನ ಕಡೆ ಬೆನ್ನು ಮಾಡಿಕೊಂಡಿದ್ದ. ಅಗುಳಿ ಸಾರ್ ಎನ್ನುತ್ತಿದ್ದವರು ಬರೀ ಸಾರ್ ಎನ್ನತೊಡಗಿದರು, ಅಷ್ಟೇ ವ್ಯತ್ಯಾಸ. ಒಂದು ಮಧ್ಯಾಹ್ನ ಸಣ್ಣ ಪ್ರವಾಹವೊಂದು ಬಂದಾಗ ಅವನು ಕೈ ಚಾಚುವಷ್ಟರಲ್ಲಿ ಪಕ್ಕದವನೇ ಬಾಗಿಲು ಹಾಕಿ, ಇವನನ್ನು ನೋಡದೆ, ನೀವು ಸುಮ್ನೆ ಕೂತ್ಕೊಳ್ಳಿ ಸಾರ್ ಎಂದ. ಪ್ರೀತಿಯಿಂದಲೋ ಇನ್ನೊಂದರಿಂದಲೋ ಹೇಳಲಾಗದು. ಮನೆಯಲ್ಲಿ ಅವನು ಏನೂ ಹೇಳಿರಲಿಲ್ಲ. ಮಗಳು ಆ ಫೋಟೋವನ್ನು ದೊಡ್ಡದು ಮಾಡಿಸಿ ಚೌಕಟ್ಟು ಹಾಕಿಸಿಕೊಂಡು ಬಂದಿದ್ದಳು. ಎಲ್ಲಿ ಹಾಕೋಣ ಎಂದು ಅಮ್ಮ ಮಗಳು ಗೋಡೆ ಗೋಡೆಗೂ ಹಿಡಿದು ನೋಡುತ್ತಿದ್ದರು. ಅವನು ಚೌಕಟ್ಟಿನ ಮರವನ್ನು ಮುಟ್ಟಿ ನೋಡಿ, ಮೂಲೆ ಸರಿಯಾಗಿ ಕೂಡಿಲ್ಲ, ಈಗ್ಲೇ ಮೊಳೆ ಹೊಡೀಬೇಡಿ ಎಂದ.

ಯಂತ್ರ ಹೊರಗೆ ಹೋಗುವಾಗ ಪಾಳಿಯವರೊಬ್ಬರು ಗೇಟಿನವರೆಗೆ ಜೊತೆಗೆ ಹೋಗಬೇಕೆಂಬುದು ಅಲ್ಲಿಯ ನಿಯಮ. ಮೇಡಂ ಬಂದ ದಿನ ಕೋಣೆಯಲ್ಲಿ ಎಲ್ಲರಿಗೂ ಒಮ್ಮೆಲೇ ಕೆಲಸ ಹುಟ್ಟಿಕೊಂಡಿತು. ಅವನೇ ಎದ್ದ. ಹೊರಲು ಬಡಗಿ ಬಂದಿದ್ದ. ತಳದ ಖಾನೆಯಿಂದ ಯಂತ್ರ ಬಿಚ್ಚಿ ಕೊಟ್ಟಾಗ ಅವನು ಅದನ್ನು ತೂಗಿ ನೋಡಿ, ಎದೆಗೆ ಆನಿಸಿಕೊಂಡು, ನಿದ್ದೆಗೆ ಜಾರಿದ ಮಗುವನ್ನು ಹೊತ್ತವನ ಹಾಗೆ ಮೆತ್ತಗೆ ಹೆಜ್ಜೆ ಹಾಕಿದ. ಉದ್ದದ ವರಾಂಡದಲ್ಲಿ ಮೂವರ ಚಪ್ಪಲಿಯ ಸದ್ದು, ಕೇಳುತ್ತಿದ್ದುದು ಇಬ್ಬರಿಗೆ. ಕೊನೆಯ ಬಾಗಿಲು ದಾಟಿದೊಡನೆ ಬಿಸಿಗಾಳಿ ಮುಖಕ್ಕೆ ಬಡಿಯಿತು. ಅವನು ಸ್ವೆಟರ್ ತೆಗೆಯಲು ಮರೆತು ಬಂದಿದ್ದ. ಗೇಟಿನ ಕಾವಲುಗಾರ ಮೇಡಂಳನ್ನು ತನ್ನ ಗೂಡಿನ ಕಿಟಕಿಗೆ ಕರೆದು, ಇಲ್ಲಿ ಸಹಿ, ಅಲ್ಲೊಂದು ಸಹಿ ಎಂದು ತಡೆದು ನಿಲ್ಲಿಸಿದ. ಅವಳು ಅತ್ತ ತಿರುಗಿ, ಬೆನ್ನು ಇತ್ತ ಮಾಡಿ ಬಗ್ಗಿದಳು. ಬಡಗಿ ಯಂತ್ರವನ್ನು ವ್ಯಾನಿನೊಳಗೆ ಇಟ್ಟು, ಕೆಳಗೆ ಹಳೆಯ ಗೋಣಿ ಮಡಚಿ ಸಿಕ್ಕಿಸಿ, ಅಲ್ಲಾಡದೆಂದು ಖಾತ್ರಿ ಮಾಡಿಕೊಂಡು ಇವನ ಕಡೆ ತಿರುಗಿದ. ಇಬ್ಬರ ನಡುವೆ ಆಗ ಯಾರೂ ಇರಲಿಲ್ಲ.

ಅಗುಳಿ ಎರಡೂ ಅಂಗೈಗಳನ್ನು ಎದೆಯ ಮುಂದೆ ಎತ್ತಿದ. ಬಾಗಿಲಿನ ಎರಡು ಪಡಿಗಳಂತೆ ಅವನ್ನು ನಿಧಾನವಾಗಿ ಒಂದಕ್ಕೊಂದು ಕೂಡಿಸಿದ. ಬೆರಳಿನಿಂದ ತನ್ನ ಎದೆ ತೋರಿಸಿದ. ಮತ್ತೆ ಬಾಗಿಲು ಮುಚ್ಚಿದ, ಮತ್ತೆ ಎದೆ ತೋರಿಸಿದ. ಮರೆತೆ ಎನ್ನುವುದನ್ನು ಕೈಯಲ್ಲಿ ಹೇಗೆ ಹೇಳುತ್ತಾರೆ? ಹಣೆ ಮುಟ್ಟಿಕೊಂಡ, ಕೈಯನ್ನು ಗಾಳಿಗೆ ಬಿಟ್ಟ. ಸೂರ್ಯ ಮುಳುಗುವ ದಿಕ್ಕು ತೋರಿಸಿದ. ದಾಳಿ ಸಂಜೆಯೇ ನಿಂತಿತ್ತು ಎನ್ನಲು ಏನೋ ಮಾಡಿದ, ತನಗೇ ತಿಳಿಯಲಿಲ್ಲ. ಕಿವಿ ಕೇಳದವನಿಗೆ ಕೂಗಿ ಹೇಳುವವರ ಹಾಗೆ ಅವನು ಅದನ್ನೇ ಇನ್ನೂ ದೊಡ್ಡದಾಗಿ, ಇನ್ನೂ ಅಗಲವಾಗಿ ಮಾಡಿ ತೋರಿಸಿದ. ಬಡಗಿ ಅವನ ಕೈಗಳನ್ನೂ ಮುಖವನ್ನೂ ಸ್ವೆಟರಿನ ಮೇಲೆ ಇಳಿಯುತ್ತಿದ್ದ ಬೆವರನ್ನೂ ತಾಳ್ಮೆಯಿಂದ ನೋಡಿದ.

ಆಮೇಲೆ ತಲೆಯಾಡಿಸಿದ.

ಅರ್ಥವಾಯ್ತಾ ಎಂದು ಕೇಳಲು ಅಗುಳಿಯ ಹತ್ತಿರ ಕೈ ಇರಲಿಲ್ಲ. ಕೇಳಿದ್ದರೂ ಅವನು ತಲೆಯಾಡಿಸಿಯೇ ಇರುತ್ತಿದ್ದ.

ಅಷ್ಟರಲ್ಲಿ ಮೇಡಂ ಸಹಿ ಮುಗಿಸಿ ಬಂದಳು. ಇವನ ಕೈಗಳು ಇನ್ನೂ ಗಾಳಿಯಲ್ಲಿದ್ದವು. ಅವಳು ಒಮ್ಮೆ ಬಡಗಿಯನ್ನು, ಒಮ್ಮೆ ಇವನನ್ನು ನೋಡಿ,

"ಏನಂದ್ರಿ ಅವ್ರಿಗೆ?" ಎಂದಳು.

ಅವಳಿಗೆ ಹೇಳಿದರೆ ಸಾಕಿತ್ತು. ಒಂದೇ ಮಾತು, ಅವಳ ಬೆರಳುಗಳು ಅದನ್ನು ಒಂದು ತುಣುಕೂ ಚೆಲ್ಲದೆ ತಲುಪಿಸುತ್ತಿದ್ದವು. ಅವನು ಕೈಗಳನ್ನು ಕೆಳಗಿಳಿಸಿ ಸ್ವೆಟರಿಗೆ ಒರೆಸಿಕೊಂಡ.

"ಏನಿಲ್ಲ ಮೇಡಂ. ಹುಷಾರಾಗಿ ಹೋಗಿ ಅಂದೆ."

ಅವಳು ತಿರುಗಿ ಕೈಯಾಡಿಸಿ ಅದನ್ನೇ ಬಡಗಿಗೆ ಹೇಳಿದಳು. ಬಡಗಿ ಆ ಕೈಗಳನ್ನು ನೋಡಿದ, ಇವನನ್ನು ನೋಡಿದ. ಈ ಸಲ ತಲೆಯಾಡಿಸಲಿಲ್ಲ. ವ್ಯಾನಿನ ಬಾಗಿಲು ಎಳೆದು, ಅದು ಕೂತಿತೇ ಇಲ್ಲವೇ ಎಂದು ಅದರ ಮೇಲೆ ಅಂಗೈ ಇಟ್ಟು ಒಂದು ಗಳಿಗೆ ನಿಂತ. ಆಮೇಲೆ ಆಚೆ ಬದಿಯಿಂದ ಹತ್ತಿ ಕೂತ.

ವ್ಯಾನು ಮೆತ್ತಗಾದ ಡಾಂಬರಿನ ಮೇಲೆ ಗುರುತು ಮೂಡಿಸುತ್ತ ತಿರುವಿನವರೆಗೆ ಹೋಯಿತು. ಅಗುಳಿ ಗೇಟಿನ ಬಳಿಯೇ ನಿಂತಿದ್ದ; ಕಾವಲುಗಾರ, ಒಳಗೆ ಹೋಗ್ತೀರಾ ಸಾರ್, ಗೇಟ್ ಹಾಕ್ಬೇಕು ಎಂದಾಗ ತಲೆಯಾಡಿಸಿ ಒಳಗೆ ಹೋದ. ತನ್ನ ಅವಧಿ ತುಂಬಿ ಅವನು ಆ ಕಟ್ಟಡ ಬಿಟ್ಟು ಹೋದದ್ದು ಮುಂದಿನ ಚಳಿಗಾಲದಲ್ಲಿ. ಯಾವ ವಾರ ಎಂದು ಕೇಳಿದರೆ ಕೋಣೆಯವರಲ್ಲಿ ಯಾರಿಗೂ ನೆನಪಿಲ್ಲ. ಕೈಮಾತಿನ ಮೇಡಂ ಮತ್ತು ಬಡಗಿ ಹೋದದ್ದು ಮಾತ್ರ ಅವನಿಗೆ ನೆನಪಿದೆ. ಅದು ಶುಕ್ರವಾರ.